ನುಚ್ಚು ಕಾಡತೂಸಿನ ಸಾಹೇಬರು

ಗಂಗಾವತಿಯ ಅಕ್ಕಿ ಬಜಾರದಲ್ಲಿ ಅವರು ಯಾವ ಮಾಲನ್ನಾದರೂ ‘ಛಲೋ ಐತಿ’ ಎಂದು ಹೊಗಳಿದ್ದನ್ನು ಕೇಳಿದವರಿಲ್ಲ. ದಲಾಲಿ ಅವರ ಕಸುಬು. ದಲ್ಲಾಳಿಯಾದವನು ಬಾಯಿತುಂಬ ಹೊಗಳಿದರೆ ಮಾರುವವನು ದರ ಏರಿಸುತ್ತಾನೆ, ಬಾಯಿಗೆ ಬಂದಂತೆ ಬೈದರೆ ಮಾಲು ಪಕ್ಕದ ಅಂಗಡಿಗೆ ಹೋಗುತ್ತದೆ. ಹೀಗಾಗಿ ಜೀವಮಾನವಿಡೀ ಅವರು ಒಂದೇ ಮಾತಿನಲ್ಲಿ ಕೆಲಸ ಸಾಗಿಸಿದರು: ‘ನಡೀತೈತಿ.’ ಅಕ್ಕಿ ನಡೀತೈತಿ, ಚಹಾ ನಡೀತೈತಿ, ಈದಿಗೆ ಬೀಗರು ಕಳಿಸಿದ ಬಿರಿಯಾನಿಯೂ ನಡೀತೈತಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವರ ಬಳಿ ಇರಲಿಲ್ಲ.

ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅರ್ಧ ಬಜಾರು ತಳಕಲ್ಲಿನ ನನ್ನ ಮನೆಗೆ ಬಂದು, ‘ಅಕ್ಕೋರ, ನೀವು ಅರ್ಧಾನೂ ಬರದಿಲ್ಲ’ ಎಂದು ಉಳಿದರ್ಧ ಹೇಳಲು ಕೂತುಬಿಡುತ್ತದೆ. ನಾವು ಅವರನ್ನು ಸಾಹೇಬರು ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸತ್ತವರನ್ನು ಹೊಗಳುವುದು ಸುಲಭ, ಆದರೆ ಈ ಮನುಷ್ಯನ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಗಂಡನ ಮೇಲೂ ಬಂದಿಲ್ಲ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾನು ಅವರನ್ನು ಕಂಡದ್ದು ಬಜಾರದಲ್ಲಲ್ಲ, ಇರಕಲ್ಲಗಡದ ಆಚೆಯ ಒಂದು ಬಿಟ್ಟ ಕಲ್ಲುಗಣಿಯಲ್ಲಿ. ಅಲ್ಲಿ ನಮ್ಮ ಪಿಸ್ತೂಲು ಕ್ಲಬ್ಬಿದೆ. ಕ್ಲಬ್ಬು ಎಂದ ಕೂಡಲೇ ಹುಲ್ಲುಹಾಸು, ಬಿಳಿ ಕುರ್ಚಿ ನೆನಪಾದರೆ ಅದನ್ನು ಮರೆತುಬಿಡಿ. ಒಂದು ತಗಡಿನ ಚಪ್ಪರ, ಮೇಜಿನ ಬದಲಿಗೆ ಗಣಿಯವರು ಬಿಟ್ಟುಹೋದ ಹಾಸುಗಲ್ಲುಗಳು, ಎದುರಿಗೆ ಗುಂಡುಗಳನ್ನು ನುಂಗಲು ಕಟ್ಟಿದ ಮಣ್ಣಿನ ದೊಡ್ಡ ಒಡ್ಡು. ಲೈಸೆನ್ಸು ಕ್ಲಬ್ಬಿನ ಹೆಸರಿನಲ್ಲಿ, ಪಿಸ್ತೂಲುಗಳೂ ಕ್ಲಬ್ಬಿನವೇ. ಬರುವವರು ನಮ್ಮಂಥವರು: ಕುಷ್ಟಗಿಯಿಂದ ಒಬ್ಬ ಟೇಲರು, ಗಂಗಾವತಿಯ ರೈಸ್ ಮಿಲ್ಲಿನ ಒಬ್ಬ ಮೆಕ್ಯಾನಿಕ್ಕು, ಕೊಪ್ಪಳದ ಇಬ್ಬರು ಕಾಲೇಜು ಮೇಷ್ಟ್ರು, ಮತ್ತು ತಳಕಲ್ಲಿನಲ್ಲಿ ವಿಜ್ಞಾನ ಕಲಿಸುವ ನಾನು. ವಾರಕ್ಕೊಮ್ಮೆ, ಭಾನುವಾರ. ಸಾಹೇಬರು ಕಾರ್ಯದರ್ಶಿ, ಖಜಾಂಚಿ, ಕಸ ಗುಡಿಸುವವರು, ಎಲ್ಲವೂ.

ಅಕ್ಕಿ ದಲಾಲಿಗೂ ಪಿಸ್ತೂಲಿಗೂ ಎಲ್ಲಿಯ ನಂಟು ಎಂದು ನಾನೂ ಕೇಳಿದ್ದೆ. ಹಿಂದೊಮ್ಮೆ ಹೈದರಾಬಾದಿಗೆ ಅಕ್ಕಿಯ ವ್ಯವಹಾರಕ್ಕೆ ಹೋದಾಗ ಅಲ್ಲಿನ ವ್ಯಾಪಾರಿ ತನ್ನ ಕ್ಲಬ್ಬಿಗೆ ಕರೆದೊಯ್ದು, ತಮಾಷೆಗೆ ಇವರ ಕೈಗೆ ಪಿಸ್ತೂಲು ಕೊಟ್ಟನಂತೆ. ಇವರು ಹಾರಿಸಿದ ಮೊದಲ ಗುಂಡೇ ಗುರಿಹಾಳೆಯ ನಡುವಿನ ಕಪ್ಪು ವೃತ್ತದೊಳಗೆ ಬಿತ್ತಂತೆ. ವ್ಯವಹಾರ ಮುರಿದುಬಿತ್ತು, ಹುಚ್ಚು ಉಳಿಯಿತು. ನನ್ನ ಕಥೆಯೂ ಹೆಚ್ಚು ಕಡಿಮೆ ಅದೇ. ಸಹೋದ್ಯೋಗಿಯೊಬ್ಬರ ಜೊತೆ ನೋಡಲೆಂದು ಬಂದವಳು ಒಂದು ಗುಂಡು ಹಾರಿಸಿ ಅಲ್ಲೇ ಆ ಹುಚ್ಚಿಗೆ ಬಿದ್ದುಹೋದೆ. ನನ್ನ ವಯಸ್ಸಿನ ಹೆಂಗಸರು ವ್ರತ ಹಿಡಿಯುತ್ತಾರೆ, ನಾನು ಪಿಸ್ತೂಲು ಹಿಡಿದೆ. ಮನೆಯವರು ನಕ್ಕರು. ನಾನು ಯಾರಾದರೂ ನಕ್ಕರೆ ಹಟ ಹಿಡಿಯುವ ಜಾತಿ.

ಆಸೆ ಒಂದೇ ಇತ್ತು. ವರ್ಷಕ್ಕೊಮ್ಮೆ ರಾಜ್ಯದ ಪಂದ್ಯ ನಡೆಯುತ್ತದೆ. ಅದರಲ್ಲಿ ಆಯ್ಕೆಯ ಅಂಕ ಅಂತ ಒಂದಿರುತ್ತದೆ. ಅದನ್ನು ದಾಟಿದವರು ಮುಂದಿನ ದೊಡ್ಡ ಪಂದ್ಯಕ್ಕೆ ಹೋಗುತ್ತಾರೆ, ದಾಟದವರು ಬಸ್ಸು ಹತ್ತಿ ಮನೆಗೆ ಬರುತ್ತಾರೆ. ನಾನು ಪ್ರತಿ ವರ್ಷ ಬಸ್ಸು ಹತ್ತಿದವಳು. ಅದೂ ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿ. ದೂರದಲ್ಲಿ ತಪ್ಪಿದರೆ ಮನುಷ್ಯ ಬಿಟ್ಟುಬಿಡಬಹುದು, ಹತ್ತಿರದಲ್ಲಿ ತಪ್ಪಿದವರಿಗೆ ನಿದ್ದೆ ಬರುವುದಿಲ್ಲ.

ತಪ್ಪು ಯಾರದೆಂಬುದು ನನಗೆ ಖಚಿತವಾಗಿತ್ತು. ಸಾಹೇಬರದು. ಅವರು ತರಿಸುತ್ತಿದ್ದ ಅಗ್ಗದ ಕಾಡತೂಸುಗಳದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಡತೂಸಿನಲ್ಲಿ ಒಳ್ಳೆಯದು ಎಂದರೆ ಒಂದರಂತೆ ಇನ್ನೊಂದು ಇರುವುದು. ಪರದೇಶದ ದುಬಾರಿ ಮಾಲಿನಲ್ಲಿ ಡಬ್ಬಿಯ ಮೊದಲನೆಯದೂ ಕೊನೆಯದೂ ಒಂದೇ ಸದ್ದು, ಒಂದೇ ಒದೆತ. ಅಗ್ಗದ ಮಾಲಿನಲ್ಲಿ ಹಾಗಲ್ಲ. ಒಂದು ಜೋರಾಗಿ ಸಿಡಿಯುತ್ತದೆ, ಇನ್ನೊಂದು ಮೆಲ್ಲಗೆ. ಆಗೊಂದು ಈಗೊಂದು ಸಿಡಿಯುವುದೇ ಇಲ್ಲ, ‘ಟಕ್’ ಎಂದು ಸುಮ್ಮನಾಗುತ್ತದೆ. ಆದರೆ ದುಬಾರಿ ಮಾಲನ್ನೇ ತರಿಸಿದರೆ ನಮ್ಮ ಭಾನುವಾರ ಬೆಳಗಿನ ಚಹಾಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಟೇಲರು, ಮೆಕ್ಯಾನಿಕ್ಕು ಬರುವುದನ್ನೇ ಬಿಡುತ್ತಿದ್ದರು. ಸಾಹೇಬರದು ನೇರ ಲೆಕ್ಕ, ಕೈ ಪಳಗಬೇಕಾದರೆ ಕೈಗೆ ಕೆಲಸ ಬೇಕು, ಕೆಲಸಕ್ಕೆ ಮಾಲು ಬೇಕು, ಮಾಲು ಕೈಗೆಟುಕಬೇಕು.

ನನಗೆ ಅಗ್ಗದ ವಸ್ತು ಎಂದರೆ ಆಗದು. ನಮ್ಮಪ್ಪ ಒಂದು ಕೊಡೆ ಕೊಳ್ಳುವಾಗಲೂ ಅಗ್ಗದ್ದನ್ನು ಕೊಂಡು, ಮಳೆ ಬಂದಾಗ ನಮ್ಮನ್ನು ಅದರ ಕೆಳಗೆ ನಿಲ್ಲಿಸಿ ತೋಯಿಸಿದವನು. ಕೊಂಡರೆ ಒಳ್ಳೆಯದನ್ನು ಕೊಳ್ಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂಬುದು ನನ್ನ ಧರ್ಮ. ಸಾಹೇಬರದು ಬೇರೆ ಧರ್ಮ.

ಅವರ ಜಿಪುಣತನಕ್ಕೆ ನಮ್ಮ ಕ್ಲಬ್ಬಿನ ತುಂಬ ಸಾಕ್ಷಿಗಳಿದ್ದವು. ತೂತುಬಿದ್ದ ಗುರಿ ಹಾಳೆಗಳನ್ನು ಎಸೆಯಲು ಬಿಡುತ್ತಿರಲಿಲ್ಲ. ಅಕ್ಕಿ ಗಂಜಿಯ ಅಂಟು ಮಾಡಿಕೊಂಡು ಬಂದು, ಒಂದೊಂದು ತೂತಿಗೂ ತೇಪೆ ಹಚ್ಚಿ ಮತ್ತೆ ನಿಲ್ಲಿಸುತ್ತಿದ್ದರು. ನನ್ನ ಹಾಳೆಯಲ್ಲಿ ತೇಪೆಗಳೆಲ್ಲ ಕೆಳಭಾಗದಲ್ಲೇ ಇರುತ್ತಿದ್ದವು, ಅದು ಬೇರೆ ಮಾತು. ವರ್ಷಕ್ಕೊಮ್ಮೆ ಒಡ್ಡಿನ ಮಣ್ಣನ್ನು ಅಕ್ಕಿಯ ಜರಡಿಯಲ್ಲಿ ಸೋಸಿ ಸೀಸ ತೆಗೆಸುತ್ತಿದ್ದರು. ಅದು ಹೊಳೆಯ ಮೀನುಗಾರರ ಬಲೆಗೆ ತೂಕವಾಗಿ ಹೋಗುತ್ತಿತ್ತು, ಬದಲಿಗೆ ನಮಗೆ ಒಂದು ದಿನ ಮೀನಿನ ಊಟ ಸಿಗುತ್ತಿತ್ತು. ನಾನು ಮೀನು ತಿನ್ನುವವಳಲ್ಲ, ನನ್ನ ಪಾಲಿಗೆ ಬರಿ ಅನ್ನ. ಅದಕ್ಕೂ ಅವರು, ‘ಅಕ್ಕೋರಿಗೆ ಸೋನಾ ಹಾಕ್ರಿ’ ಎಂದು ಸಣ್ಣಕ್ಕಿಯ ಅನ್ನವನ್ನೇ ಬಡಿಸಲು ಹೇಳುತ್ತಿದ್ದರು.

ಹೊಸ ಮಾಲು ಬಂದ ವಾರ ಅವರನ್ನು ನೋಡಬೇಕಿತ್ತು. ಹಾಸುಗಲ್ಲಿನ ಮೇಲೆ ಒಂದು ಕಪ್ಪು ಬಟ್ಟೆ ಹಾಸಿ, ಪಕ್ಕದಲ್ಲಿ ಯಾರೂ ಮಾತಾಡದಂತೆ ಕಣ್ಣಲ್ಲೇ ಗದರಿಸಿ, ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಬಜಾರದಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿ ನೋಡುವ ಕೈ ಅದು. ಇಲ್ಲಿಯೂ ಅದೇ ರೀತಿ. ಒಂದೊಂದು ಕಾಡತೂಸನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅದರ ಬುಡದ ಅಂಚನ್ನು ತಿರುಗಿಸುತ್ತಿದ್ದರು. ಆ ಅಂಚಿನೊಳಗೇ ಸಿಡಿಯುವ ಮದ್ದು ಇರುವುದು. ಅಂಚು ಎಲ್ಲ ಕಡೆ ಒಂದೇ ಸಮ ಇದ್ದರೆ ಸಿಡಿಯುತ್ತದೆ, ಏರುತಗ್ಗಿದ್ದರೆ ನಂಬುವಂತಿಲ್ಲ. ಹೀಗೆ ಮುಟ್ಟಿ ಮುಟ್ಟಿ ಗುಂಪು ಮಾಡುತ್ತಿದ್ದರು. ಸಮ ಇದ್ದದ್ದು ಸೋನಾ. ಅನುಮಾನದ್ದು ನುಚ್ಚು. ಗಂಗಾವತಿಯವರಿಗೆ ಇಡೀ ಲೋಕ ಅಕ್ಕಿಯಲ್ಲೇ ಅರ್ಥವಾಗುತ್ತದೆ.

ಸೋನಾವನ್ನು ಪಂದ್ಯಕ್ಕೆಂದು ಎತ್ತಿಡುತ್ತಿದ್ದರು. ನುಚ್ಚನ್ನು ಅಭ್ಯಾಸಕ್ಕೆ ನಮಗೆ ಹಂಚುತ್ತಿದ್ದರು. ಅನುಮಾನದ ಮಾಲು ಎಂದು ಗೊತ್ತಿದ್ದೂ ನಮಗೇಕೆ ಕೊಡುತ್ತೀರಿ, ಎಸೆಯಬಾರದೇ ಎಂದು ಒಮ್ಮೆ ಕೇಳಿದೆ. ನಾನು ಏನೋ ಹೇಳಬಾರದ್ದನ್ನು ಹೇಳಿದೆನೆಂಬಂತೆ ನೋಡಿದರು.

‘ನುಚ್ಚು ಯಾರರ ಚೆಲ್ತಾರೇನ್ರಿ ಅಕ್ಕೋರ? ದ್ವಾಸಿಗೆ ನುಚ್ಚ ಬೇಕು.’

ಇನ್ನೊಂದು ವಿಚಿತ್ರ ಅವರ ಕಿವಿಯದು. ಗುಂಡಿನ ಸದ್ದಿಗೆ ನಾವೆಲ್ಲ ಎರಡೂ ಕಿವಿಗೆ ಮುಚ್ಚಳದಂಥ ಪಟ್ಟಿ ಹಾಕಿಕೊಳ್ಳುತ್ತೇವೆ. ಸಾಹೇಬರು ನಮ್ಮ ಬೆನ್ನ ಹಿಂದೆ ನಿಲ್ಲುವಾಗ ಪಟ್ಟಿಯನ್ನು ಓರೆಯಾಗಿ ಹಾಕಿಕೊಂಡು ಬಲಗಿವಿಯನ್ನು ಬಯಲು ಬಿಡುತ್ತಿದ್ದರು. ಶೋಕಿಗಲ್ಲ. ಅಗ್ಗದ ಮಾಲಿನಲ್ಲಿ ಸಿಡಿಯದ ಕಾಡತೂಸಿನಿಂದ ಅಪಾಯವಿಲ್ಲ, ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಸಾಕಷ್ಟು ಹೊತ್ತು ಕಾದರೆ ಆಯಿತು. ಅಪಾಯ ಇರುವುದು ಅರ್ಧ ಸಿಡಿಯುವುದರಲ್ಲಿ. ಮದ್ದು ಕಡಿಮೆಯಾಗಿ ‘ಪುಸ್’ ಎಂದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ, ಕೈ ಹೋಗುತ್ತದೆ. ಆ ಮೆತ್ತನೆ ಸದ್ದನ್ನು ಹಿಡಿಯಲು ಅವರ ಒಂದು ಕಿವಿ ಯಾವಾಗಲೂ ತೆರೆದಿರುತ್ತಿತ್ತು. ಸದ್ದಿನಲ್ಲಿ ಹೆಚ್ಚುಕಡಿಮೆಯಾದ ಕೂಡಲೇ ‘ತಡಿ’ ಎನ್ನುತ್ತಿದ್ದರು. ಆ ಮಾತಿಗೆ ಎಲ್ಲರ ಬೆರಳೂ ಪಿಸ್ತೂಲಿನ ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಹೊರಗೆ ಬರಬೇಕು. ಕಾಲೇಜು ಮೇಷ್ಟ್ರಲ್ಲಿ ಒಬ್ಬರು ಒಮ್ಮೆ ‘ತಡಿ’ ಎಂದ ಮೇಲೂ ಒಂದೇ ಗುಂಡು ಉಳಿದಿದೆಯೆಂದು ಹಾರಿಸಿಬಿಟ್ಟಿದ್ದಕ್ಕೆ ಇಡೀ ತಿಂಗಳು ಅವರಿಗೆ ತೇಪೆ ಹಚ್ಚುವ ಕೆಲಸ ಕೊಟ್ಟಿದ್ದರು.

ಕಿವಿ ಹಾಳಾಗುತ್ತದೆ ಎಂದು ನಾನು ವಿಜ್ಞಾನದ ಪಾಠ ಶುರು ಮಾಡಿದರೆ, ‘ಒಂದು ಕಿವಿ ಮಾಲಿಗ್ರಿ, ಒಂದು ಕಿವಿ ಮನಿಗೆ’ ಎಂದು ಮುಗಿಸುತ್ತಿದ್ದರು. ಅವರ ಹೆಂಡತಿ ಮಾತ್ರ ಮನೆಗೆಂದು ಇಟ್ಟ ಕಿವಿ ಮೊದಲೇ ಕೆಟ್ಟಿತ್ತು ಎನ್ನುತ್ತಿದ್ದರು.

ಈಗ ಜಗಳಕ್ಕೆ ಬರುತ್ತೇನೆ. ಮೂರನೆಯ ಸಲವೂ ರಾಜ್ಯದ ಪಂದ್ಯದಿಂದ ಬರಿಗೈಲಿ ಬಂದ ಮೇಲೆ ನನ್ನ ತಾಳ್ಮೆ ಕೆಟ್ಟಿತು. ಪಂದ್ಯಕ್ಕೆಂದು ನನ್ನ ಖರ್ಚಿನಲ್ಲೇ ದುಬಾರಿ ಡಬ್ಬಿ ಒಯ್ದಿದ್ದೆ. ಆದರೂ ಗುಂಡುಗಳು ಕೆಳಗೇ ಬಿದ್ದಿದ್ದವು. ವರ್ಷವೆಲ್ಲ ಕಸ ಹಾರಿಸಿ ಕೈ ಕೆಟ್ಟಿದೆ, ಒಂದು ದಿನ ಚಿನ್ನ ಕೊಟ್ಟರೆ ಅದೇನು ಮಾಡೀತು ಎಂಬುದು ನನ್ನ ವಾದ. ಭಾನುವಾರ ಎಲ್ಲರೆದುರು ಅದನ್ನೇ ಹೇಳಿದೆ. ಕಡಿಮೆ ಹಾರಿಸೋಣ, ಒಳ್ಳೆಯದನ್ನೇ ಹಾರಿಸೋಣ. ಇಲ್ಲವಾದರೆ ನಾನು ಮುಂದಿನ ವಾರದಿಂದ ಬರುವುದಿಲ್ಲ. ಹೇಳುವಾಗ ನನ್ನ ದನಿ ಎತ್ತರಕ್ಕೆ ಹೋಗಿತ್ತು. ಟೇಲರು ನೆಲ ನೋಡುತ್ತ ನಿಂತಿದ್ದ. ದುಬಾರಿ ಮಾಲು ಬಂದರೆ ಅವನು ಬರುವುದು ನಿಲ್ಲುತ್ತದೆ ಎಂದು ನನಗೂ ಗೊತ್ತಿತ್ತು.

ಸಾಹೇಬರು ಸಿಟ್ಟಾಗಲಿಲ್ಲ. ನನ್ನ ಮಾತಿನಲ್ಲಿ ಸತ್ಯ ಇರಬಹುದು, ನೋಡಿಯೇ ಬಿಡೋಣ ಎಂದು ಪಿಸ್ತೂಲಿಗೆ ಅವರೇ ಐದು ಕಾಡತೂಸು ತುಂಬಿ ನನ್ನ ಮುಂದಿಟ್ಟರು. ಯಾವ ಮಾಲು ಎಂದು ಹೇಳಲಿಲ್ಲ. ಮೊದಲನೆಯದು ಸಿಡಿಯಿತು, ಎರಡನೆಯದೂ ಸಿಡಿಯಿತು. ಮೂರನೆಯದಕ್ಕೆ ನಾನು ಉಸಿರು ಹಿಡಿದು ಬೆರಳು ಒತ್ತಿದೆ. ಟಕ್. ಸಿಡಿಯಲಿಲ್ಲ. ಆದರೆ ಪಿಸ್ತೂಲಿನ ಮೂತಿ, ಕೋಳಿ ಕಾಳು ಕುಕ್ಕಿದ ಹಾಗೆ, ಗಬಕ್ಕನೆ ಕೆಳಗೆ ಹೋಯಿತು.

ಎಲ್ಲರೂ ನೋಡಿದರು. ನಾನೂ ನೋಡಿದೆ. ಸದ್ದಿಗೆ ಹೆದರಿ ನನ್ನ ಕೈ ಪ್ರತಿ ಸಲ ಮುಂಚೆಯೇ ಬಾಗುತ್ತಿತ್ತು. ಗುಂಡು ಸಿಡಿದಾಗ ಆ ಬಾಗು ಒದೆತದಲ್ಲಿ ಮುಚ್ಚಿಹೋಗುತ್ತಿತ್ತು. ಸಿಡಿಯದಿದ್ದಾಗ ಮುಚ್ಚಲು ಏನೂ ಇರಲಿಲ್ಲ. ದುಬಾರಿ ಡಬ್ಬಿಯ ಕಾಡತೂಸು ಪ್ರತಿಯೊಂದೂ ಸಿಡಿಯುತ್ತದಲ್ಲ, ಅದು ನನ್ನ ರೋಗವನ್ನು ಜನ್ಮವಿಡೀ ನನಗೆ ತೋರಿಸುತ್ತಿರಲಿಲ್ಲ.

ಮುಖ ಕೆಂಪಾಗಿ ಅವರತ್ತ ತಿರುಗಿ, ಬೇಕಂತಲೇ ನುಚ್ಚು ತುಂಬಿದಿರಾ ಎಂದು ಕೇಳಿದೆ.

‘ಹೂನ್ರಿ, ಬೇಕಂತನ ಹಾಕೀನಿ,’ ಅಂದರು. ‘ಮಾಲು ಅಗ್ಗದ್ದ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದು ಸುಳ್ಳು ಹೇಳಂಗಿಲ್ಲ.’

ನಾನು ಅಂದು ಚಹಾಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಇನ್ನು ಬರುವುದಿಲ್ಲ ಎಂದು ಯಲಬುರ್ಗಾ ರಸ್ತೆಯುದ್ದಕ್ಕೂ ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಗಣಿಯಲ್ಲಿದ್ದವಳು ನಾನೇ. ಸಾಹೇಬರು ಏನೂ ನಡೆದಿಲ್ಲವೆಂಬಂತೆ ಚಹಾ ಕೊಟ್ಟು, ಪಿಸ್ತೂಲು ತುಂಬಿದರು.

ಅಲ್ಲಿಂದ ಶುರುವಾಯಿತು ನಮ್ಮ ನುಚ್ಚಿನ ಅಭ್ಯಾಸ. ಪ್ರತಿ ವಾರ ಅವರು ಸೋನಾ ಮತ್ತು ನುಚ್ಚನ್ನು ಕಲಸಿ ತುಂಬುತ್ತಿದ್ದರು. ಯಾವುದು ಸಿಡಿಯುತ್ತದೆ, ಯಾವುದು ಇಲ್ಲ ಎಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ. ಸದ್ದು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಕೈ ಯಾವುದಕ್ಕೆ ಹೆದರಬೇಕು? ನಿಧಾನವಾಗಿ ಹೆದರುವುದನ್ನೇ ಮರೆಯತೊಡಗಿತು. ಮೂತಿ ಕುಕ್ಕುವುದು ಕಡಿಮೆಯಾಯಿತು, ತೇಪೆಗಳು ಹಾಳೆಯ ಕೆಳಗಿನಿಂದ ನಡುವಿಗೆ ಬಂದವು. ಒಂದು ದಿನ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ‘ನಡೀತೈತಿ’ ಎಂದರು. ನಾನು ವಿಜ್ಞಾನದಲ್ಲಿ ಡಿಗ್ರಿ ತೆಗೆದುಕೊಂಡ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಅಗ್ಗದ ಮಾಲಿನಲ್ಲೂ ಅವರು ಕಣ್ಣುಮುಚ್ಚಿ ಕೊಳ್ಳುವವರಲ್ಲ ಎಂಬುದು ಆಮೇಲೆ ಗೊತ್ತಾಯಿತು. ಒಂದೊಂದು ಸಲ ತಯಾರಾದ ಮಾಲು ಒಂದೊಂದು ರೀತಿ ಇರುತ್ತದೆ. ಮೊದಲು ಸ್ವಲ್ಪವೇ ತರಿಸಿ, ಪಿಸ್ತೂಲನ್ನು ಅಕ್ಕಿ ಮೂಟೆಯ ಮೇಲೆ ಆನಿಸಿ ಹಾರಿಸಿ, ಗುಂಡುಗಳು ಒತ್ತೊತ್ತಾಗಿ ಬಿದ್ದರೆ ಮಾತ್ರ ಅದೇ ಮಾಲನ್ನು ಹೆಚ್ಚಿಗೆ ತರಿಸುತ್ತಿದ್ದರು. ನಮ್ಮ ಎರಡು ಪಿಸ್ತೂಲಿಗೂ ರುಚಿ ಬೇರೆ ಬೇರೆ. ನಾನು ಹಾರಿಸುತ್ತಿದ್ದುದಕ್ಕೆ ದುಬಾರಿ ಮಾಲಿಗಿಂತ ಒಂದು ಅಗ್ಗದ ಮಾಲೇ ಹೆಚ್ಚು ಒಗ್ಗಿತ್ತು. ಪಿಸ್ತೂಲಿಗೂ ನಾಲಿಗೆ ಇರುತ್ತದೆ, ಅದು ತಿನ್ನುವುದನ್ನು ಹಾಕಬೇಕು, ನಮಗೆ ಮರ್ಯಾದೆ ತರುವುದನ್ನಲ್ಲ ಎಂದು ಅವರ ವಾದ. ಮುಂದಿನ ರಾಜ್ಯದ ಪಂದ್ಯಕ್ಕೆ ಆ ಮಾಲಿನ ಸೋನಾವನ್ನೇ ಒಯ್ಯಬೇಕೆಂದು ನಾವಿಬ್ಬರೂ ಗೊತ್ತುಮಾಡಿಕೊಂಡೆವು. ನಾನೇ ಅಗ್ಗದ ಮಾಲಿಗೆ ಒಪ್ಪಿದೆ ಎಂದರೆ ನಮ್ಮಪ್ಪ ಎಲ್ಲಿದ್ದರೂ ಕೊಡೆ ಬಿಚ್ಚಿ ಕುಣಿದಿರಬೇಕು.

ಆ ಬೇಸಿಗೆಯ ಒಂದು ಭಾನುವಾರ ನಡೆದದ್ದನ್ನು ಹೇಳಲೇಬೇಕು. ಚಪ್ಪರದ ಕೆಳಗೆ ನಾವು ಇಬ್ಬರು ಅಕ್ಕಪಕ್ಕ ನಿಂತು ಹಾರಿಸುತ್ತಿದ್ದೆವು, ಸಾಹೇಬರು ಎಂದಿನಂತೆ ಹಿಂದೆ ನಿಂತಿದ್ದರು. ನಾನು ಒಂದು ಗುಂಡು ಹಾರಿಸಿದೆ. ಪಕ್ಕದವರದೂ ಅದೇ ಹೊತ್ತಿಗೆ ಸಿಡಿದದ್ದರಿಂದ ನನ್ನದರ ಸದ್ದು ನನಗೆ ಸರಿಯಾಗಿ ಕೇಳಲಿಲ್ಲ. ಪಿಸ್ತೂಲು ತಾನಾಗಿ ಮುಂದಿನದನ್ನು ತುಂಬಿಕೊಳ್ಳಲಿಲ್ಲ. ಅಗ್ಗದ ಮಾಲಿನಲ್ಲಿ ಇದು ಆಗಾಗ ಆಗುವುದೇ. ನಾನು ಅಭ್ಯಾಸಬಲದಿಂದ ಕೈಯಲ್ಲೇ ಎಳೆದು ತುಂಬಿಕೊಂಡು, ಗುರಿ ಹಿಡಿದು, ಕುದುರೆಗೆ ಬೆರಳಿಟ್ಟೆ. ಹಿಂದಿನಿಂದ ‘ತಡಿ’ ಬರಲಿಲ್ಲ. ಅಂದರೆ ಎಲ್ಲ ಸರಿ ಇರಬೇಕು.

ಆದರೆ ಅಂಗೈಗೆ ಏನೋ ಕೊರತೆಯಾಗಿತ್ತು. ಬರಬೇಕಾದ ಒದೆತ ಬಂದಿರಲಿಲ್ಲ. ಹೆದರಿಕೆ ಬಿಟ್ಟಮೇಲೆ ಕೈಗೆ ಅಷ್ಟು ತಿಳಿವಳಿಕೆ ಬಂದಿತ್ತೆಂದು ಕಾಣುತ್ತದೆ. ನಾನು ಬೆರಳು ತೆಗೆದು, ‘ತಡಿ’ ಎಂದು ನಾನೇ ಹೇಳಿದೆ.

ಸಾಹೇಬರು ಬಂದು ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದರು. ಬೆಳಕು ಆಚೆ ಬರಲಿಲ್ಲ. ಹಿತ್ತಾಳೆಯ ಸಣ್ಣ ಸಲಾಕೆಯಿಂದ ತಟ್ಟಿದಾಗ ಸೀಸದ ಗುಂಡು ಅವರ ಅಂಗೈಗೆ ಬಿತ್ತು. ಅದನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದರು. ನಾನು ಹೆದರಿದ್ದೆ, ಆದರೆ ಅವರ ಮುಖ ನೋಡಿ ನನ್ನ ಹೆದರಿಕೆ ಮರೆತುಹೋಯಿತು.

‘ಅಕ್ಕೋರ, ನನಗ ಕೇಳಿಸ್ಲಿಲ್ರಿ,’ ಅಂದರು.

ಎಷ್ಟೋ ವರ್ಷ ನಮಗಾಗಿ ಬಯಲಿಗಿಟ್ಟ ಕಿವಿ ಕೆಲಸ ಬಿಟ್ಟಿತ್ತು. ಅಂದು ಅವರು ಯಾರ ಮಾತೂ ಕೇಳಲಿಲ್ಲ. ಪಿಸ್ತೂಲು, ಕಾಡತೂಸು ಇಡುವ ಬೀರುವಿನ ಬೀಗದ ಕೈಯನ್ನು ಕಾಲೇಜು ಮೇಷ್ಟ್ರಲ್ಲಿ ಹಿರಿಯರಿಗೆ ಕೊಟ್ಟು ಕಾರ್ಯದರ್ಶಿ ಮಾಡಿದರು. ಕಪ್ಪು ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟರು, ಹಿಂದೆ ನಿಲ್ಲುವ ಕೆಲಸವನ್ನೂ ನನಗೇ ವಹಿಸಿದರು. ನಾನು ಕಿವಿ ಬಯಲು ಬಿಡುವುದಿಲ್ಲ, ಗುರಿಹಾಳೆಯಲ್ಲಿ ತೂತು ಬಿತ್ತೋ ಇಲ್ಲವೋ ಎಂದು ಒಂದೊಂದು ಗುಂಡಿಗೂ ದುರ್ಬೀನು ಹಿಡಿದು ನೋಡುತ್ತೇನೆ ಎಂದೆ. ತೂತಿಲ್ಲದಿದ್ದರೆ ತಡಿ. ಅವರು ಸ್ವಲ್ಪ ಯೋಚಿಸಿ, ಅದಕ್ಕೂ ‘ನಡೀತೈತಿ’ ಎಂದರು. ಈಗಲೂ ನಾವು ಹಾಗೇ ಮಾಡುತ್ತೇವೆ. ಸದ್ದನ್ನು ನಂಬಿ ಕಿವಿ ಕಳೆದುಕೊಳ್ಳುವ ಕೆಲಸ ನಮ್ಮ ಕ್ಲಬ್ಬಿನಲ್ಲಿ ಅವರಿಗೇ ಕೊನೆ.

ಒಂದು ಕೆಲಸ ಮಾತ್ರ ಬಿಟ್ಟುಕೊಡಲಿಲ್ಲ. ನನ್ನ ಪಂದ್ಯದ ಸೋನಾ ತಾವೇ ಆರಿಸುತ್ತೇನೆಂದರು. ಮಳೆ ಶುರುವಾಗುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ನಡೆದರೆ ಉಸಿರು ಕಟ್ಟುತ್ತಿತ್ತು. ಆದರೂ ಎರಡು ಭಾನುವಾರ ಆಟೋದಲ್ಲಿ ಬಂದು, ಹಾಸುಗಲ್ಲಿಗೆ ಬೆನ್ನು ಆನಿಸಿ ಕೂತು, ಒಂದೊಂದನ್ನೇ ತಿರುಗಿಸಿ ಆರಿಸಿದರು. ಮುಗಿದ ಮೇಲೆ ಡಬ್ಬಿಯ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ‘ಅಕ್ಕೋರು’ ಎಂದು ಬರೆದು ಬೀರುವಿನಲ್ಲಿ ಇಡಿಸಿದರು. ಮೂರನೆಯ ಭಾನುವಾರ ಆಟೋ ಬರಲಿಲ್ಲ. ಅವರ ಮಣ್ಣಿಗೆ ನಾವು ಹೋದಾಗ ಗಂಗಾವತಿಯ ಬಜಾರು ಅರ್ಧ ದಿನ ಮುಚ್ಚಿತ್ತು. ಟೇಲರು ಮಕ್ಕಳಂತೆ ಅತ್ತ. ಅಗ್ಗದ ಮಾಲಿಲ್ಲದಿದ್ದರೆ ಅವನಿಗೆ ಪಿಸ್ತೂಲು ಎಂದರೆ ಸಿನಿಮಾದ್ದು ಅಷ್ಟೇ ಆಗಿರುತ್ತಿತ್ತು. ನಾನು ಅಲ್ಲಿ ಅಳಲಿಲ್ಲ, ಬಸ್ಸಿನಲ್ಲಿ ಅತ್ತೆ.

ಚಳಿಗಾಲದಲ್ಲಿ ರಾಜ್ಯದ ಪಂದ್ಯ ಬಂತು. ಪಕ್ಕದ ಜಾಗದ ಹೆಣ್ಣುಮಗಳು ನನ್ನ ಡಬ್ಬಿ ನೋಡಿ, ಇದನ್ನು ಪಂದ್ಯಕ್ಕೆ ತಂದಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ಮೊದಲಾಗಿದ್ದರೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ನಮ್ಮ ಪಿಸ್ತೂಲಿಗೆ ಇದೇ ರುಚಿ ಎಂದೆ.

ಗುಂಡುಗಳು ಒತ್ತೊತ್ತಾಗಿ ನಡುವಿಗೇ ಬೀಳುತ್ತಿದ್ದವು. ಕೊನೆಯ ಸರಣಿಗೆ ಬರುವ ಹೊತ್ತಿಗೆ, ಕೈ ಕೆಡದಿದ್ದರೆ ಆಯ್ಕೆಯ ಅಂಕ ದಾಟುತ್ತೇನೆ ಎಂದು ಗೊತ್ತಾಗಿತ್ತು. ಅದು ಗೊತ್ತಾಗಬಾರದಿತ್ತು. ಹಳೆಯ ಹೆದರಿಕೆ ಮೊಣಕೈವರೆಗೆ ಬಂದು ನಿಂತಂತಾಯಿತು. ಇನ್ನು ಮೂತಿ ಕುಕ್ಕುತ್ತದೆ, ಈಗ ಕುಕ್ಕುತ್ತದೆ ಎಂದುಕೊಳ್ಳುತ್ತಲೇ ಬೆರಳು ಒತ್ತಿದೆ.

ಟಕ್.

ಸೋನಾದ ಡಬ್ಬಿಯಿಂದ, ಪಂದ್ಯದ ಕೊನೆಯಲ್ಲಿ, ನುಚ್ಚು. ಮತ್ತು ಪಿಸ್ತೂಲಿನ ಮೂತಿ ಇದ್ದಲ್ಲೇ ಇತ್ತು. ಒಂದು ಕೂದಲಷ್ಟೂ ಅಲ್ಲಾಡಿರಲಿಲ್ಲ. ನಾನು ಅದನ್ನೇ ನೋಡುತ್ತ, ಗುರಿಯ ಕಡೆಗೇ ಹಿಡಿದುಕೊಂಡು, ಇನ್ನೊಂದು ಕೈ ಎತ್ತಿದೆ. ಅಧಿಕಾರಿ ಬಂದು ಕಾದು, ತೆಗೆಸಿ ನೋಡಿ, ತಪ್ಪು ಕಾಡತೂಸಿನದು, ಹಾರಿಸಿದವರದಲ್ಲ ಎಂದು ಒಪ್ಪಿ, ಆ ಗುಂಡನ್ನು ಮತ್ತೆ ಹಾರಿಸಲು ಬಿಟ್ಟರು. ಇನ್ನು ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಕೈ ಹೆದರುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಿಬಿಟ್ಟಿದ್ದೆ. ಉಳಿದವೆಲ್ಲ ಕಪ್ಪಿನ ನಡುವಿಗೆ ಹೋದವು. ಆಯ್ಕೆಯ ಅಂಕ ದಾಟಿತು. ಅದೇ ಬಸ್ಸು ಹತ್ತಿದೆ, ಆದರೆ ಈ ಸಲ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಬಂದ ಭತ್ತದ ಗದ್ದೆಗಳನ್ನು ನೋಡುತ್ತ ಬಂದೆ.

ಮರುದಿನ ಗಂಗಾವತಿಗೆ ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಆಯ್ಕೆಯಾದೆ ಎಂದು ಹೇಳಿ, ಕಾಗದ ತೋರಿಸಿದೆ. ಅವರು ಕಾಗದ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ, ಡಬ್ಬಿ ಹೇಗಿತ್ತು ಎಂದು ಕೇಳಿದರು. ಒಂದು ಸಿಡಿಯಲಿಲ್ಲ ಎಂದೆ, ಕೊನೆಗೆ. ಅವರ ಕೈಯಲ್ಲಿದ್ದ ಮೊರ ನಿಂತುಹೋಯಿತು.

‘ಯಾ ಅಲ್ಲಾ. ನಿಮಗೊಂದು ಮಾತು ಹೇಳಂತ ಹೇಳಿದ್ರು, ನಾ ಮರ್ತ್ನಿ ನೋಡ್ರಿ,’ ಅಂದರು. ‘ಬೆರಳು ಜೋಮು ಹಿಡದಾವ, ಸೋನಾದಾಗ ನುಚ್ಚು ಬಿದ್ದೈತೋ ಏನೋ, ಅಕ್ಕೋರಿಗೆ ಡಬ್ಬಿ ಇನ್ನೊಮ್ಮಿ ನೋಡ್ಕೊಳ್ಳಾಕ ಹೇಳು, ಅಂದಿದ್ರು. ಅಳೂದರಾಗ ಎಲ್ಲಾ ಮರ್ತುಹೋತು. ನನ್ನಿಂದ ನಿಮಗ ಎಷ್ಟ ತ್ರಾಸ ಆತ್ರಿ.’

ಅವರು ಹೇಳಿದ್ದರೆ ನಾನು ಡಬ್ಬಿಯನ್ನೆಲ್ಲ ಮತ್ತೆ ಆರಿಸುತ್ತಿದ್ದೆ. ಆ ಒಂದನ್ನು ತೆಗೆದು ಎಸೆಯುತ್ತಿದ್ದೆ. ಆಮೇಲೆ ಕೊನೆಯ ಸರಣಿಯಲ್ಲಿ ಮೊಣಕೈಗೆ ಬಂದು ನಿಂತ ಹೆದರಿಕೆಗೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಅಕ್ಕಿ ಅಂಟಿದ ಅವರ ಕೈ ಹಿಡಿದುಕೊಂಡೆ.

‘ನೀವು ಮರ್ತದ್ದು ನಡೀತೈತ್ರಿ,’ ಅಂದೆ.

ಆ ಮಾತಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನಕ್ಕು, ನುಚ್ಚಿನ ದೋಸೆಗೆ ಹಿಟ್ಟು ಇದೆ, ತಿಂದೇ ಹೋಗಬೇಕು ಎಂದು ಎದ್ದರು.